ಕನ್ನಡಿ ಕಳಚಿದ ಕ್ಯಾಮೆರಾ, ಸಂಬಳದಾರನ ಜೇಬು

ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾ ವರ್ಷಂಪ್ರತಿ ಪ್ರಕಟಿಸುವ ಅಂಕಿಗಳನ್ನು ಓದಿದವರಿಗೆ ಒಂದು ದೊಡ್ಡ ಉದ್ಯಮದ ಏಳುಬೀಳು ಕಣ್ಣಿಗೆ ಕಟ್ಟಿದಂತೆ ತೋರುತ್ತದೆ. 2010ರಲ್ಲಿ ಆ ಸಂಘದ ಸದಸ್ಯರು ಲೋಕದ ಮಾರುಕಟ್ಟೆಗೆ ಕಳುಹಿಸಿದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿಯನ್ನು ಮೀರಿದ್ದಿತು. 2023ರಲ್ಲಿ ಅದು 80 ಲಕ್ಷಕ್ಕಿಂತಲೂ ಕೆಳಗಿಳಿಯಿತು. 2024ರಲ್ಲಿ ತುಸು ಚೇತರಿಸಿಕೊಂಡು ಸುಮಾರು 85 ಲಕ್ಷಕ್ಕೆ ಬಂದು ನಿಂತಿತು. ಹದಿನೈದು ವರ್ಷಗಳ ಒಳಗೆ ಹದಿನೈದು ಪಾಲಿನಲ್ಲಿ ಒಂದು ಪಾಲಿನಷ್ಟೂ ಉಳಿಯದಂತೆ ಕುಗ್ಗಿದ ವ್ಯಾಪಾರ ಇದು. ಕುಗ್ಗಿಸಿದ್ದು ಯಾವುದೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ; ಅದು ಇಂದು ಪ್ರತಿಯೊಬ್ಬ ಗುಮಾಸ್ತನ ಕಿಸೆಯಲ್ಲಿಯೂ ಪ್ರತಿಯೊಬ್ಬ ಹೋಟೇಲು ಕೆಲಸಗಾರನ ದಿಂಬಿನ ಕೆಳಗೂ ಇದೆ.

ಇಷ್ಟಾದರೂ ಛಾಯಾಚಿತ್ರಗಳ ಹವ್ಯಾಸ ಕುಗ್ಗಲಿಲ್ಲ. ಫೋನಿನಿಂದ ಚಿತ್ರ ತೆಗೆದು ರುಚಿ ಹತ್ತಿದ ತರುಣರು ಕೆಲವು ಕಾಲದ ಮೇಲೆ ನಿಜವಾದ ಕ್ಯಾಮೆರಾ ಒಂದನ್ನು ಕೊಳ್ಳಬೇಕೆಂದು ಹಾತೊರೆಯುವುದು ಸಹಜ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ದುಡಿಯುವ ನಮ್ಮ ಹುಡುಗರಲ್ಲಿಯೂ ಈ ಆಸೆ ಬೇರುಬಿಟ್ಟಿದೆ. ಅದು ಕೆಟ್ಟ ಆಸೆಯಲ್ಲ. ಆದರೆ ಈ ಆಸೆಯ ಬೆನ್ನ ಹಿಂದೆ ಕಂತಿನ ಸಾಲ, ಜಾಹೀರಾತಿನ ಬಣ್ಣದ ಮಾತು, ಕೃತಕ ಬುದ್ಧಿಯಿಂದ ಕಟ್ಟಿದ ಸುಳ್ಳುಚಿತ್ರ, ಇವೆಲ್ಲವೂ ಸಾಲುಗಟ್ಟಿ ಬಂದಿವೆ. ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸಬೇಕಾದ ಹಣವನ್ನು ತೆಗೆದಿಟ್ಟು ಮಿಕ್ಕುದರಲ್ಲಿ ಹವ್ಯಾಸವನ್ನು ಪೋಷಿಸುವವನಿಗೆ ಇಲ್ಲಿ ಒಂದು ತಪ್ಪು ಹೆಜ್ಜೆಯ ಬೆಲೆ ಮೂರು ನಾಲ್ಕು ತಿಂಗಳ ಉಳಿತಾಯವಾಗುತ್ತದೆ. ಆದುದರಿಂದ ಮಾರುಕಟ್ಟೆಯ ಇಂದಿನ ಸ್ಥಿತಿಯನ್ನು ಸ್ವಲ್ಪ ವಿಮರ್ಶಿಸಿ ನೋಡುವುದು ಅವಶ್ಯವಾಗಿದೆ.

ಕನ್ನಡಿ ಹೋದುದರ ಅರ್ಥ

ಬಹುಕಾಲದಿಂದ ಉತ್ತಮ ಕ್ಯಾಮೆರಾ ಎಂದರೆ ಒಳಗೆ ಓರೆಯಾಗಿ ನಿಂತ ಕನ್ನಡಿಯುಳ್ಳ ಕ್ಯಾಮೆರಾ ಎಂದೇ ಅರ್ಥವಾಗಿತ್ತು. ಮಸೂರದಿಂದ ಬಂದ ಬೆಳಕು ಕನ್ನಡಿಗೆ ತಾಗಿ ಮೇಲಕ್ಕೆ ಚಿಮ್ಮಿ ನೋಟಕನ ಕಣ್ಣನ್ನು ಸೇರುವುದು. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಮೇಲೆದ್ದು ಬೆಳಕು ಹಿಂದಿನ ಫಲಕದ ಮೇಲೆ ಬೀಳುವುದು. ಡಿಎಸ್‌ಎಲ್‌ಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಈ ಕನ್ನಡಿಯನ್ನೇ ಕಿತ್ತುಹಾಕಿ, ಮಸೂರವನ್ನು ಬದಲಾಯಿಸಬಹುದಾದ ಹೊಸ ಬಗೆಯ ಕ್ಯಾಮೆರಾವನ್ನು ಹೊರತಂದಿತು. 2013ರಲ್ಲಿ ಸೋನಿ ಅದೇ ದಾರಿಯಲ್ಲಿ ದೊಡ್ಡ ಫಲಕದ ಕ್ಯಾಮೆರಾಗಳನ್ನು ತಂದಿತು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಹೊಸ ಮಸೂರಜೋಡಣೆಗಳನ್ನು ಪ್ರಕಟಿಸಿ ಆ ಗುಂಪನ್ನು ಸೇರಿದುವು. 2020ರಲ್ಲಿ ಕನ್ನಡಿಯಿಲ್ಲದ ಕ್ಯಾಮೆರಾಗಳ ಸಂಖ್ಯೆ ಕನ್ನಡಿಯುಳ್ಳವುಗಳ ಸಂಖ್ಯೆಯನ್ನು ಮೊದಲ ಬಾರಿಗೆ ಹಿಂದೆ ಹಾಕಿತು. 2024ರಲ್ಲಂತೂ ಮೊದಲನೆಯವು ಸುಮಾರು 56 ಲಕ್ಷ, ಎರಡನೆಯವು ಸುಮಾರು 10 ಲಕ್ಷ. 2020ರಲ್ಲಿ ಬಂದ ತನ್ನ ಅತ್ಯುನ್ನತ ಮಾದರಿಯೇ ಆ ಜಾತಿಯ ಕೊನೆಯ ಮುಂಚೂಣಿ ಕ್ಯಾಮೆರಾ ಎಂದು ಕ್ಯಾನನ್ನಿನ ಮುಖ್ಯಸ್ಥರು 2021ರ ಕೊನೆಯಲ್ಲಿ ತಿಳಿಸಿದರು.

ಇದರಿಂದ ಸಾಮಾನ್ಯ ಗ್ರಾಹಕನಿಗೆ ಆಗುವುದೇನು? ಶ್ರೀಮಂತ ಹವ್ಯಾಸಿಗಳೂ ವೃತ್ತಿನಿರತರೂ ತಮ್ಮ ಹಳೆಯ ಕ್ಯಾಮೆರಾಗಳನ್ನು ಮಾರಿ ಹೊಸದಕ್ಕೆ ಹೋಗುತ್ತಿದ್ದಾರೆ. ಅವರು ಬಿಟ್ಟ ಸಾಮಗ್ರಿಗಳಲ್ಲಿ ಯಾವ ದೋಷವೂ ಇಲ್ಲ. ಫ್ಯಾಷನ್ ಮಾತ್ರ ಅವನ್ನು ಬಿಟ್ಟು ಹೋಗಿದೆ. ಹತ್ತು ವರ್ಷಗಳ ಹಿಂದೆ ಮದುವೆಯ ಚಿತ್ರಗಳನ್ನು ಚೆನ್ನಾಗಿ ತೆಗೆದ ಯಂತ್ರ ಇಂದಿಗೂ ಅಷ್ಟೇ ಚೆನ್ನಾಗಿ ತೆಗೆಯುತ್ತದೆ. ಹೊಸ ಕನ್ನಡಿರಹಿತ ಕ್ಯಾಮೆರಾ ಒಂದು ಮಸೂರದೊಡನೆ ಸುಮಾರು ಅರ್ಧ ಲಕ್ಷದಿಂದ ಮೇಲಕ್ಕೆ ಬೆಲೆಬಾಳುವ ಕಾಲದಲ್ಲಿ, ಹಳೆಯ ಡಿಎಸ್‌ಎಲ್‌ಆರ್ ಮಸೂರಸಹಿತವಾಗಿ ಅದರ ಅರ್ಧಕ್ಕಿಂತಲೂ ಕಡಿಮೆಗೆ ದೊರೆಯುವುದುಂಟು. ಹೊಸ ಯಂತ್ರದ ಅನುಕೂಲಗಳನ್ನು ಅಲ್ಲಗಳೆಯಲಾಗದು: ಹಗುರ, ಸದ್ದಿಲ್ಲದ ಕೆಲಸ, ಚಿತ್ರ ಹೇಗೆ ಬರುವುದೆಂಬುದನ್ನು ಮೊದಲೇ ತೋರಿಸುವ ಪರದೆ, ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ನಾಭೀಕರಣ. ಆದರೆ ಇವೆಲ್ಲ ಅನುಕೂಲಗಳೇ ಹೊರತು ಅನಿವಾರ್ಯಗಳಲ್ಲ. ಕಲಿಯುವವನಿಗೆ ಕನ್ನಡಿಯ ಕ್ಯಾಮೆರಾ ಇಂದು ಒದಗಿ ಬಂದ ಒಂದು ಸುಯೋಗ ಎಂದೇ ನಮ್ಮ ಅಭಿಪ್ರಾಯ. ಮುಂದೆ ಹೊಸದನ್ನು ಕೊಂಡರೂ ಹಳೆಯ ಮಸೂರಗಳು ವ್ಯರ್ಥವಾಗುವುದಿಲ್ಲ. ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳೆರಡೂ ಅವುಗಳನ್ನು ಹೊಸ ಯಂತ್ರಕ್ಕೆ ಕೂಡಿಸುವ ಬಳೆಗಳನ್ನು ಮಾರುತ್ತವೆ.

ಮೆಗಾಪಿಕ್ಸೆಲ್ಲಿನ ಮಾಯೆ

ಫೋನಿನ ಅಂಗಡಿಗೆ ಹೋದವನ ಕಿವಿಗೆ ಮೊದಲು ಬೀಳುವ ಮಂತ್ರ ಮೆಗಾಪಿಕ್ಸೆಲ್. 50 ಎಂದು ಒಬ್ಬನು ಕೂಗಿದರೆ 200 ಎಂದು ಇನ್ನೊಬ್ಬನು ಕೂಗುತ್ತಾನೆ. ಈ ಕೂಗಿಗೆ ಕಿವಿಗೊಡುವ ಮುನ್ನ ಲೆಕ್ಕವನ್ನು ಕೈಯಲ್ಲಿ ಹಿಡಿಯಬೇಕು. 8 ಅಂಗುಲ ಅಗಲ 10 ಅಂಗುಲ ಉದ್ದದ ಒಂದು ಉತ್ತಮ ಮುದ್ರಿತ ಚಿತ್ರಕ್ಕೆ ಅಂಗುಲವೊಂದಕ್ಕೆ 300 ಬಿಂದುಗಳಂತೆ 2400 ಮತ್ತು 3000, ಅಂದರೆ ಒಟ್ಟು 72 ಲಕ್ಷ ಬಿಂದುಗಳು ಸಾಕು. ಮೆಗಾಪಿಕ್ಸೆಲ್ ಭಾಷೆಯಲ್ಲಿ ಅದು 7.2. 4ಕೆ ಎಂದು ಹೆಸರಾದ ದೊಡ್ಡ ಟೆಲಿವಿಷನ್ ಪರದೆಗೆ ಬೇಕಾದುದು 8.3. ಹೀಗಿರುವಾಗ 200ರ ಸಂಖ್ಯೆ ಯಾರಿಗಾಗಿ? ಆ ಫೋನುಗಳೂ ಸಾಧಾರಣವಾಗಿ ಹದಿನಾರು ಬಿಂದುಗಳನ್ನು ಒಂದಾಗಿ ಕೂಡಿಸಿ ಕೊನೆಗೆ ಕೊಡುವುದು 12.5 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ.

ಚಿತ್ರದ ಗುಣವನ್ನು ಹೆಚ್ಚಾಗಿ ನಿರ್ಣಯಿಸುವುದು ಬಿಂದುಗಳ ಎಣಿಕೆಯಲ್ಲ, ಬೆಳಕನ್ನು ಹಿಡಿಯುವ ಫಲಕದ ವಿಸ್ತೀರ್ಣ. ಮಳೆಯ ನೀರನ್ನು ಹಿಡಿಯಲು ಲೋಟವಿಟ್ಟವನಿಗೂ ಹರಿವಾಣವಿಟ್ಟವನಿಗೂ ಇರುವ ಅಂತರವೇ ಇಲ್ಲಿಯೂ ಇದೆ. ಪೂರ್ಣಪ್ರಮಾಣದ ಫಲಕ 36 ಮತ್ತು 24 ಮಿಲಿಮೀಟರಿನದು, ಅಂದರೆ 864 ಚದರ ಮಿಲಿಮೀಟರು. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಫಲಕ ಸುಮಾರು 330ರಿಂದ 370. ಬೆಲೆಬಾಳುವ ಫೋನಿನ ಮುಖ್ಯ ಫಲಕ ಹಲವು ವೇಳೆ 70ರ ಆಸುಪಾಸು. ಅಗ್ಗದ ಫೋನುಗಳಲ್ಲಿ ಇನ್ನೂ ಚಿಕ್ಕದು. ಈ ಕೊರತೆಯನ್ನು ಫೋನು ತನ್ನ ಗಣಕಬುದ್ಧಿಯಿಂದ ತುಂಬಿಕೊಳ್ಳುತ್ತದೆ. ಒಂದು ಸಲ ಒತ್ತಿದರೆ ಹಲವು ಚಿತ್ರಗಳನ್ನು ತೆಗೆದು, ಅವುಗಳನ್ನು ಹೊಂದಿಸಿ, ಕತ್ತಲನ್ನು ಬೆಳಗಿಸಿ, ಮುಖವನ್ನು ನುಣುಪುಗೊಳಿಸಿ ಕೊಡುತ್ತದೆ. ಹಗಲಿನ ಬೆಳಕಿನಲ್ಲಿ ನಿಂತ ವಸ್ತುವಿಗೆ ಇದು ಧಾರಾಳವಾಗಿ ಸಾಕು. ಚಲಿಸುವ ವಸ್ತು, ಮಂದ ಬೆಳಕು, ದೂರದ ನೋಟ, ಈ ಮೂರು ಬಂದಾಗ ಮಾತ್ರ ಫೋನು ಸೋಲುತ್ತದೆ. ಆದುದರಿಂದ ಕ್ಯಾಮೆರಾ ಕೊಳ್ಳಬೇಕೆನ್ನುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ತೆಗೆಯಬೇಕೆಂದಿರುವ ಚಿತ್ರಗಳಲ್ಲಿ ಈ ಮೂರರಲ್ಲಿ ಯಾವುದು ಹೆಚ್ಚಾಗಿ ಬರುತ್ತದೆ? ಯಾವುದೂ ಬರುವುದಿಲ್ಲವಾದರೆ ಕೈಯಲ್ಲಿರುವ ಫೋನೇ ಸಾಕು. ಹಣವನ್ನು ಊರಿಗೆ ಕಳುಹಿಸುವುದು ಲೇಸು.

ಬಡ್ಡಿಯಿಲ್ಲದ ಕಂತು ಎಂಬ ಮಾತು

ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ ಮೊದಲಿಗೆ ನೂರಕ್ಕೆ 28 ಇದ್ದಿತು. 2018ರ ಡಿಸೆಂಬರಿನಲ್ಲಿ ಕೂಡಿದ ಮಂಡಲಿಯ ಸಭೆ ಅದನ್ನು 18ಕ್ಕೆ ಇಳಿಸಿತು. 2019ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಇಷ್ಟಾದರೂ, ಕ್ಯಾಮೆರಾಗಳು ಬಹುಮಟ್ಟಿಗೆ ಜಪಾನು, ಥೈಲ್ಯಾಂಡ್, ತೈವಾನ್ ಮುಂತಾದ ಕಡೆಗಳಿಂದ ಬರುವ ಪದಾರ್ಥಗಳಾದುದರಿಂದ ರೂಪಾಯಿ ಇಳಿದಾಗ ಅವುಗಳ ಬೆಲೆ ಏರುತ್ತದೆ. ಏರಿದ ಬೆಲೆಯನ್ನು ಮರೆಮಾಡಲು ವ್ಯಾಪಾರಿಗಳು ಕಂಡುಕೊಂಡ ಉಪಾಯವೇ ಬಡ್ಡಿರಹಿತ ಕಂತು.

ಈ ವಿಷಯದಲ್ಲಿ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತ್ತು. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲದ್ದು, ಬಡ್ಡಿಯ ಭಾರವನ್ನು ಬೇರೆ ಹೆಸರಿನಲ್ಲಿ ಗ್ರಾಹಕನ ಮೇಲೆ ಹೊರಿಸಲಾಗುತ್ತದೆ ಎಂಬುದೇ ಅದರ ಸಾರ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. 60,000 ರೂಪಾಯಿ ಬೆಲೆ ಬರೆದ ಕ್ಯಾಮೆರಾವನ್ನು ನಗದು ಕೊಟ್ಟವನು 5,000 ರೂಪಾಯಿ ರಿಯಾಯಿತಿಯಿಂದ 55,000ಕ್ಕೆ ಪಡೆಯಬಲ್ಲನೆಂದು ಭಾವಿಸೋಣ. ಕಂತಿನವನಿಗೆ ತಿಂಗಳಿಗೆ 5,000ದಂತೆ 12 ತಿಂಗಳು. ಅವನು ಬಡ್ಡಿ ಕೊಡಲಿಲ್ಲವೆಂದು ಸಂತೋಷಪಟ್ಟರೂ ವಾಸ್ತವದಲ್ಲಿ 5,000 ಬಡ್ಡಿ ಕೊಟ್ಟಿದ್ದಾನೆ. ಲೆಕ್ಕ ಹಾಕಿದರೆ ಅದು ವರ್ಷಕ್ಕೆ ನೂರಕ್ಕೆ 16ನ್ನು ಮೀರುವ ದರ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಭಾಗದ ಮೇಲೆ ನೂರಕ್ಕೆ 18 ಜಿಎಸ್‌ಟಿ ಬೇರೆ. ಹಲವು ಕಡೆ ಕಾಗದಪತ್ರದ ಶುಲ್ಕವೂ ಉಂಟು. ಒಂದು ಕಂತು ತಪ್ಪಿದರೆ ದಂಡ; ಮುಂದೆ ಮನೆಗಾಗಿಯೋ ತಂಗಿಯ ಮದುವೆಗಾಗಿಯೋ ಸಾಲ ಕೇಳುವಾಗ ಹೆಸರಿಗೆ ಮಸಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಕ್ಯಾಮೆರಾವನ್ನು ಕಂಡವರಲ್ಲದಿದ್ದರೂ ಅವರ ಮಾತು ಇಲ್ಲಿಗೂ ಸಲ್ಲುತ್ತದೆ. ಕಂತನ್ನು ಅಂಗಡಿಗೆ ಕಟ್ಟುವುದಕ್ಕೆ ಬದಲಾಗಿ ಅದೇ ಹಣವನ್ನು ಆರು ತಿಂಗಳು ಅಂಚೆಯ ಅಥವಾ ಬ್ಯಾಂಕಿನ ಖಾತೆಯಲ್ಲಿ ಕೂಡಿಹಾಕಿದರೆ ಹಳೆಯ ಕ್ಯಾಮೆರಾ ಒಂದು ಕೈಸೇರುತ್ತದೆ. ಕೂಡಿಹಾಕುವ ಆರು ತಿಂಗಳಲ್ಲಿ ಫೋನಿನಿಂದಲೇ ದಿನಕ್ಕೊಂದು ಚಿತ್ರ ತೆಗೆಯುವ ಅಭ್ಯಾಸ ಮಾಡಿದವನಿಗೆ ತನಗೆ ನಿಜವಾಗಿ ಏನು ಬೇಕೆಂಬುದೂ ತಿಳಿದುಬರುತ್ತದೆ.

ಹಳೆಯದನ್ನು ಕೊಳ್ಳುವಾಗ

ಮುಂಬಯಿಯ ಕೋಟೆ ಭಾಗದ ಬೋರಾ ಬಜಾರ್, ದಿಲ್ಲಿಯ ಚಾಂದನಿ ಚೌಕದ ಕೂಚಾ ಚೌಧರಿ ಮುಂತಾದ ಬೀದಿಗಳು ಕ್ಯಾಮೆರಾ ವ್ಯಾಪಾರಕ್ಕೆ ಹೆಸರಾದುವು. ಅಲ್ಲಿಗೆ ಹೋಗುವವನು ತಿಳಿದವನೊಬ್ಬನನ್ನು ಜೊತೆಗೆ ಕರೆದುಕೊಂಡು, ಹಗಲಿನಲ್ಲಿ, ಅವಸರವಿಲ್ಲದ ದಿನ ಹೋಗತಕ್ಕದ್ದು. ಪರೀಕ್ಷಿಸಬೇಕಾದ ಅಂಶಗಳು ಇವು.

ಮೊದಲನೆಯದು ಮಸೂರ. ಹಿಂದುಮುಂದಿನ ಮುಚ್ಚಳಗಳನ್ನು ತೆಗೆದು ಒಂದು ಕಡೆಯಿಂದ ಟಾರ್ಚಿನ ಬೆಳಕು ಹಾಯಿಸಿ ಇನ್ನೊಂದು ಕಡೆಯಿಂದ ನೋಡಬೇಕು. ಜೇಡನ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು. ಸಮುದ್ರತೀರದ ಊರುಗಳಲ್ಲಿ ಇದು ಸಾಮಾನ್ಯ. ಅಂಥದನ್ನು ಅಗ್ಗವೆಂದು ಕೊಳ್ಳಬಾರದು. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಎರಡನೆಯದು ಷಟರಿನ ಎಣಿಕೆ. ಸಾಧಾರಣ ದರ್ಜೆಯ ಯಂತ್ರಗಳ ಷಟರನ್ನು ಸುಮಾರು 1 ಲಕ್ಷ ಚಿತ್ರಗಳ ಬಾಳಿಕೆಗೆ ಪರೀಕ್ಷಿಸಿರುತ್ತಾರೆ. ನಿಕಾನಿನ ಚಿತ್ರಕಡತದೊಳಗೆಯೇ ಈ ಎಣಿಕೆ ದಾಖಲಾಗಿರುತ್ತದೆ. ಅದನ್ನು ಓದಿ ತೋರಿಸುವ ಉಚಿತ ಸಾಧನಗಳುಂಟು. ಮೂರನೆಯದು ಫಲಕ. ಬಿಳಿಯ ಗೋಡೆಯನ್ನು ಕಿರಿದಾದ ಕಿಂಡಿ, ಅಂದರೆ ಎಫ್ 16ರಲ್ಲಿ ಚಿತ್ರಿಸಿ ದೊಡ್ಡದು ಮಾಡಿ ನೋಡಿದರೆ ಕಲೆಗಳು ಗೋಚರವಾಗುತ್ತವೆ. ಒರೆಸಿದರೆ ಹೋಗುವ ಧೂಳು ಬೇರೆ, ಗೀರು ಬೇರೆ. ನಾಲ್ಕನೆಯದು ಬಿಲ್ಲು. ಯಂತ್ರದ ಅಡಿಯಲ್ಲಿರುವ ಕ್ರಮಸಂಖ್ಯೆಯೂ ಬಿಲ್ಲಿನಲ್ಲಿರುವುದೂ ಒಂದೇ ಆಗಿರಬೇಕು. ಬಿಲ್ಲೇ ಇಲ್ಲದ ಮಾಲು ಕಳವಿನದಾಗಿದ್ದರೆ ಪೊಲೀಸು ಠಾಣೆಯ ಮೆಟ್ಟಿಲನ್ನು ಹತ್ತಬೇಕಾದವನು ಕೊಂಡವನೇ. ಹೊಸದನ್ನು ಕೊಳ್ಳುವಾಗಲೂ ಜಿಎಸ್‌ಟಿ ಸಹಿತವಾದ ಬಿಲ್ಲನ್ನೂ ಭಾರತದಲ್ಲಿ ಸಲ್ಲುವ ಖಾತರಿಪತ್ರವನ್ನೂ ಕೇಳಿ ಪಡೆಯತಕ್ಕದ್ದು.

ನಿಕಾನ್ ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನದಲ್ಲಿಡಬೇಕು. ಅದರ ಡಿ3000 ಮತ್ತು ಡಿ5000 ಸಾಲಿನ ಅಗ್ಗದ ಯಂತ್ರಗಳೊಳಗೆ ನಾಭೀಕರಣದ ಮೋಟಾರು ಇರುವುದಿಲ್ಲ. ಎಎಫ್-ಡಿ ಎಂದು ಬರೆದ ಹಳೆಯ ಮಸೂರಗಳನ್ನು ಅವುಗಳಿಗೆ ಜೋಡಿಸಿದರೆ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಎಎಫ್-ಎಸ್ ಎಂದು ಬರೆದುದನ್ನು ಆರಿಸಿದರೆ ಈ ತೊಡಕಿಲ್ಲ.

ಕೊಂಡ ಮೇಲೆ ಕಾಪಾಡುವುದೂ ಅಷ್ಟೇ ಮುಖ್ಯ. ಹತ್ತು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಮುಂಬಯಿಯ ಬಾಳಿನಲ್ಲಿ ಗಾಜಿನ ಬೀರು ಎಲ್ಲಿಂದ ಬರಬೇಕು? ಗಾಳಿ ಹೋಗದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನಾಲ್ಕಾರು ಸಿಲಿಕಾ ಪುಡಿಯ ಪೊಟ್ಟಣ, ಇಷ್ಟಿದ್ದರೆ ಸಾಕು. ಬಣ್ಣಗೆಟ್ಟ ಸಿಲಿಕಾವನ್ನು ಬಿಸಿಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿ ಮಳೆಗಾಲವಿಡೀ ಟ್ರಂಕಿನಲ್ಲಿಡುವುದು ಬೂಷ್ಟನ್ನು ಕರೆದು ಕೂರಿಸಿದಂತೆ.

ಬೆಳಕಿನ ಪಾಠ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಚಿತ್ರ ಚೆನ್ನಾಗಿ ಬರಲಿಲ್ಲವೆಂದೊಡನೆ ಇನ್ನೊಂದು ಮಸೂರ ಬೇಕೆನ್ನುವುದು ಹವ್ಯಾಸಿಗಳ ಸಾಮಾನ್ಯ ರೋಗ. ಎರಡು ಮಸೂರಗಳಿದ್ದರೆ ಮೊದಲ ಎರಡು ವರ್ಷಗಳಿಗೆ ಧಾರಾಳ: ಯಂತ್ರದ ಜೊತೆಗೇ ಬರುವ 18ರಿಂದ 55 ಮಿಲಿಮೀಟರಿನದು ಒಂದು, 50 ಮಿಲಿಮೀಟರಿನ ಎಫ್ 1.8 ಇನ್ನೊಂದು. ಎರಡನೆಯದು ಪ್ರತಿ ಸಂಸ್ಥೆಯ ಪಟ್ಟಿಯಲ್ಲಿಯೂ ಅಗ್ಗದವುಗಳಲ್ಲೊಂದು. ಆದರೆ ಮೊದಲನೆಯದು ಅದೇ 50 ಮಿಲಿಮೀಟರಿನಲ್ಲಿ ಒಳಬಿಡುವ ಬೆಳಕಿಗಿಂತ ಸುಮಾರು ಒಂಬತ್ತು ಪಾಲು ಹೆಚ್ಚು ಬೆಳಕನ್ನು ಇದು ಒಳಬಿಡುತ್ತದೆ.

ನಮ್ಮವರಿಗೆ ಪ್ರಿಯವಾದ ಯಕ್ಷಗಾನವನ್ನೇ ತೆಗೆದುಕೊಳ್ಳೋಣ. ಊರಿನಿಂದ ಮೇಳ ಬಂದಾಗ ಸಭಾಗೃಹ ಕಿಕ್ಕಿರಿಯುತ್ತದೆ; ನೂರು ಫೋನುಗಳು ಮೇಲೇಳುತ್ತವೆ; ಮರುದಿನ ನೋಡಿದರೆ ಕಿರೀಟ ಉರಿದುಹೋಗಿದೆ, ಮುಖ ಬೆಳ್ಳಗಾಗಿದೆ, ಕೈಕಾಲುಗಳು ಹೊಗೆಯಾಗಿವೆ. ಕಾರಣ ಸರಳವಾದುದು. ಹಿಂದಿನ ಪರದೆ ಕಪ್ಪಾಗಿರುವುದರಿಂದ ಯಂತ್ರ ಇಡೀ ದೃಶ್ಯವೇ ಕತ್ತಲೆಂದು ಭಾವಿಸಿ ಬೆಳಕನ್ನು ಹೆಚ್ಚಿಸುತ್ತದೆ. ಅದನ್ನು ಒಂದು ಮಟ್ಟ ತಗ್ಗಿಸಬೇಕು. ಧೀಂಗಿಣ ಹಾಕುವ ವೇಷಧಾರಿಯನ್ನು ನಿಲ್ಲಿಸಿ ಹಿಡಿಯಲು ಸೆಕೆಂಡಿನ 250ರಲ್ಲಿ ಒಂದು ಭಾಗವಾದರೂ ವೇಗ ಬೇಕು. ಕಿಂಡಿಯನ್ನು ಎಫ್ 2ರ ಆಸುಪಾಸಿಗೆ ತೆರೆದು, ಐಎಸ್‌ಒ 1600ರಿಂದ 3200ರವರೆಗೆ ಇಟ್ಟರೆ ಸಾಮಾನ್ಯ ರಂಗದ ಬೆಳಕಿಗೆ ಹೊಂದುತ್ತದೆ. ತುಸು ಕಾಳುಕಾಳಾಗಿ ಬಂದರೂ ಚಿಂತೆಯಿಲ್ಲ. ಕಾಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದಲಾಗದು.

ಎಲ್‌ಇಡಿ ದೀಪಗಳು ಬಂದ ಮೇಲೆ ಇನ್ನೊಂದು ತೊಂದರೆ ಹುಟ್ಟಿದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದಾದ ಕಾರಣ ಅನೇಕ ದೀಪಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಹೋಟೇಲಿನ ಒಳಗೆ ತೆಗೆದ ಚಿತ್ರದಲ್ಲಿ ಅಡ್ಡಪಟ್ಟೆಗಳು ಕಂಡರೆ ಕಾರಣ ಇದೇ. ಸೆಕೆಂಡಿನ 50ರಲ್ಲಿ ಅಥವಾ 100ರಲ್ಲಿ ಒಂದು ಭಾಗದ ವೇಗವಿಟ್ಟರೆ ಪಟ್ಟೆಗಳು ಮಾಯವಾಗುತ್ತವೆ.

ಫಿಲ್ಮಿನ ಕಾಲದಲ್ಲಿ, ಅಗ್ಫಾ ಕ್ಲಿಕ್ಕಿನಂಥ ಡಬ್ಬಿ ಕ್ಯಾಮೆರಾಗಳಲ್ಲಿ ಒಂದು ಸುರುಳಿಗೆ ದೊರೆಯುತ್ತಿದ್ದುದು 12 ಚಿತ್ರಗಳು. ಒಂದೊಂದಕ್ಕೂ ಮುನ್ನ ಯೋಚಿಸದೆ ಗತಿಯಿರಲಿಲ್ಲ. ರಾಜ್ಯದ ಹಣಕಾಸು ಖಾತೆಯನ್ನು ನಿರ್ವಹಿಸಿದ ಸಂಡೂರಿನ ಎಂ. ವೈ. ಘೋರ್ಪಡೆಯವರೂ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರೂ ಕಾಡುಪ್ರಾಣಿಗಳ ಚಿತ್ರಗಳಿಂದ ಹೆಸರು ಗಳಿಸಿದ್ದು ಫಿಲ್ಮಿನ ಆ ಯುಗದಲ್ಲಿ. ಕಾಯುವ ತಾಳ್ಮೆ ಅವರ ಮುಖ್ಯ ಸಲಕರಣೆಯಾಗಿತ್ತು. ಅದಕ್ಕೆ ಇಂದಿಗೂ ಬೆಲೆಯಿಲ್ಲ, ಕಂತೂ ಇಲ್ಲ.

ತಿದ್ದುಪಡಿಯ ಮೇರೆ

ತೆಗೆದ ಚಿತ್ರವನ್ನು ತಿದ್ದಬಾರದೆನ್ನುವವರ ವಾದ ನಮಗೆ ಒಪ್ಪಿಗೆಯಿಲ್ಲ. ಕತ್ತಲಕೋಣೆಯ ಕಾಲದಲ್ಲಿಯೂ ಬೆಳಕನ್ನು ಅಲ್ಲಿ ತಡೆದು ಇಲ್ಲಿ ಬಿಟ್ಟು ತಿದ್ದುತ್ತಲೇ ಇದ್ದರು. ತಿದ್ದುವ ಕ್ರಮ ಮಾತ್ರ ತಿಳಿದಿರಬೇಕು. ಮೊದಲು ಅಡ್ಡಗೆರೆಯನ್ನು ನೇರಮಾಡುವುದು, ಅನಂತರ ಬೇಡವಾದ ಅಂಚನ್ನು ಕತ್ತರಿಸುವುದು, ಬಿಳಿಯ ಬಣ್ಣ ಬಿಳಿಯಾಗಿ ಕಾಣುವಂತೆ ಬಣ್ಣದ ಸಮತೋಲವನ್ನು ಹೊಂದಿಸುವುದು, ಬೆಳಕನ್ನು ಒಟ್ಟಾಗಿ ಸರಿಪಡಿಸುವುದು, ಉರಿದ ಭಾಗವನ್ನು ತಗ್ಗಿಸಿ ನೆರಳನ್ನು ತುಸು ಎತ್ತುವುದು, ಕಾಳುಗಳನ್ನು ತಗ್ಗಿಸುವುದು, ಎಲ್ಲಕ್ಕೂ ಕೊನೆಯಲ್ಲಿ ಚೂಪುಗೊಳಿಸುವುದು. ಈ ಏಳರ ಆಚೆಗೆ ಹೋದವನು ಸಾಮಾನ್ಯವಾಗಿ ಚಿತ್ರವನ್ನು ಕೆಡಿಸುತ್ತಾನೆ. ಉಪ್ಪಿಗಿಂತ ರುಚಿಯಿಲ್ಲವಾದರೂ ಸಾರಿಗೆ ಹಿಡಿ ಉಪ್ಪು ಹಾಕುವ ಅಡಿಗೆಯವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಬಣ್ಣವನ್ನು ಏರಿಸುವಾಗ ಈ ಮಾತು ನೆನಪಿರಬೇಕು.

ತಿದ್ದಬೇಕೆನ್ನುವವನು ಚಿತ್ರವನ್ನು ರಾ ಎಂಬ ಕಚ್ಚಾ ರೂಪದಲ್ಲಿ ತೆಗೆಯುವುದು ಒಳ್ಳೆಯದು. ಸಾಮಾನ್ಯ ಜೆಪೆಗ್ ಚಿತ್ರ ಪ್ರತಿ ಬಣ್ಣದಲ್ಲಿ 256 ಮೆಟ್ಟಿಲುಗಳನ್ನು ಮಾತ್ರ ಇಟ್ಟುಕೊಂಡರೆ, 14 ಬಿಟ್ಟಿನ ರಾ ಕಡತ 16,384 ಮೆಟ್ಟಿಲುಗಳನ್ನು ಇಟ್ಟುಕೊಳ್ಳುತ್ತದೆ. ಕತ್ತಲಾದ ಮುಖವನ್ನು ಬೆಳಗಿಸಲು ಹೋದಾಗ ಈ ಅಂತರ ತಿಳಿದುಬರುತ್ತದೆ.

ಸಾಧನಗಳಿಗಾಗಿ ಹಣ ತೆರಬೇಕಾದ ಕಾಲ ಹೋಯಿತು. ಅಡೋಬಿ ಸಂಸ್ಥೆಯ ಪ್ರಸಿದ್ಧ ಸಾಧನಗಳು ತಿಂಗಳ ಬಾಡಿಗೆಯ ಮೇಲೆ ದೊರೆಯುವಂಥವು. 2025ರ ಜನವರಿಯಲ್ಲಿ ಆ ಸಂಸ್ಥೆ ಹವ್ಯಾಸಿಗಳು ಮೆಚ್ಚಿದ್ದ ತನ್ನ ಅಗ್ಗದ 20 ಗಿಗಾಬೈಟಿನ ಯೋಜನೆಯನ್ನು ಹೊಸ ಚಂದಾದಾರರಿಗೆ ನಿಲ್ಲಿಸಿತು. ಆದರೆ ಡಾರ್ಕ್‌ಟೇಬಲ್, ರಾಥೆರಪಿ ಎಂಬ ಸಾಧನಗಳು ಎಂದಿನಿಂದಲೂ ಉಚಿತ. ಗಿಂಪ್ ಎಂಬುದರ ಮೂರನೆಯ ದೊಡ್ಡ ಆವೃತ್ತಿ 2025ರ ಮಾರ್ಚಿಯಲ್ಲಿ ಬಂದಿತು. ಹಣಕ್ಕೆ ಮಾರುತ್ತಿದ್ದ ಅಫಿನಿಟಿಯನ್ನು ಅದರ ಒಡೆಯರಾದ ಕ್ಯಾನ್ವಾದವರು 2025ರ ಅಕ್ಟೋಬರಿನಲ್ಲಿ ಉಚಿತವಾಗಿ ಬಿಟ್ಟರು. ಗಣಕಯಂತ್ರವಿಲ್ಲದವರಿಗೆ ಫೋನಿನಲ್ಲಿ ಗೂಗಲಿನ ಸ್ನ್ಯಾಪ್‌ಸೀಡ್ ಇದೆ. ಕಳ್ಳಪ್ರತಿಯನ್ನು ಹುಡುಕಿ ರೋಗವನ್ನು ಗಣಕಕ್ಕೆ ತಂದುಕೊಳ್ಳುವ ಕಾರಣವೇ ಈಗ ಉಳಿದಿಲ್ಲ.

ಇನ್ನು ಕೃತಕ ಬುದ್ಧಿಯ ವಿಚಾರ. 2023ರ ಮಾರ್ಚಿಯಲ್ಲಿ ಬಳಕೆದಾರನೊಬ್ಬನು ಚಂದ್ರನ ಮಸುಕುಗೊಳಿಸಿದ ಚಿತ್ರವನ್ನು ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಿಂದ ತೆಗೆದು ತೋರಿಸಿದನು; ಮೂಲದಲ್ಲಿ ಇಲ್ಲದ ವಿವರಗಳು ಹೊಸ ಚಿತ್ರದಲ್ಲಿ ಮೂಡಿದ್ದುವು. ಚಂದ್ರನನ್ನು ಗುರುತಿಸಿ ವಿವರಗಳನ್ನು ಹೆಚ್ಚಿಸುವ ವ್ಯವಸ್ಥೆಯೊಂದಿದೆಯೆಂದು ಸಂಸ್ಥೆಯೂ ವಿವರಣೆ ನೀಡಿತು. ಅದೇ ವರ್ಷದ ಏಪ್ರಿಲಿನಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬವರು ಯಂತ್ರದಿಂದ ರಚಿಸಿದ ಚಿತ್ರಕ್ಕೆ ಸೋನಿ ವಿಶ್ವ ಛಾಯಾಚಿತ್ರ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ ಅದನ್ನು ನಿರಾಕರಿಸಿ, ತೀರ್ಪುಗಾರರು ಈ ಪ್ರಶ್ನೆಯನ್ನು ಎದುರಿಸಬೇಕೆಂದರು. 2024ರ ಮಾರ್ಚಿಯಲ್ಲಿ ಬ್ರಿಟನ್ನಿನ ರಾಜಮನೆತನ ಹಂಚಿದ ಒಂದು ಕುಟುಂಬಚಿತ್ರವನ್ನು ತಿದ್ದಲಾಗಿದೆಯೆಂಬ ಕಾರಣದಿಂದ ಲೋಕದ ಪ್ರಮುಖ ಸುದ್ದಿಸಂಸ್ಥೆಗಳು ಹಿಂತೆಗೆದುಕೊಂಡುವು. ಚಿತ್ರದ ಮೂಲವನ್ನು ಮುದ್ರೆಯೊತ್ತಿ ದಾಖಲಿಸುವ ಕ್ಯಾಮೆರಾವನ್ನು ಲೈಕಾ 2023ರ ಅಕ್ಟೋಬರಿನಲ್ಲಿ ಹೊರತಂದಿತು. ಆದರೆ ಇಂಥದೇ ವ್ಯವಸ್ಥೆಯನ್ನು ಕೈಗೊಂಡ ನಿಕಾನ್ 2025ರ ಸೆಪ್ಟೆಂಬರಿನಲ್ಲಿ ದೋಷ ಕಂಡುಬಂದುದರಿಂದ ಕೊಟ್ಟ ಪ್ರಮಾಣಪತ್ರಗಳನ್ನೆಲ್ಲ ರದ್ದುಮಾಡಬೇಕಾಯಿತು. ಸತ್ಯಕ್ಕೆ ಯಂತ್ರದ ಮುದ್ರೆ ಇನ್ನೂ ಭದ್ರವಾಗಿ ಬಿದ್ದಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹವ್ಯಾಸಿ ಪಾಲಿಸಬೇಕಾದ ನಿಯಮ ಸರಳವಾದುದು. ಇದ್ದುದನ್ನು ಚೆನ್ನಾಗಿ ಕಾಣಿಸುವುದು ತಿದ್ದುಪಡಿ. ಇಲ್ಲದ್ದನ್ನು ಇತ್ತೆಂದು ತೋರಿಸುವುದು ಸುಳ್ಳು. ತಾಯಿಯ ಮುಖದ ಸುಕ್ಕನ್ನು ಅಳಿಸಿದ ಚಿತ್ರ ಅಂದವಾಗಿರಬಹುದು, ಆದರೆ ಅದು ತಾಯಿಯ ಚಿತ್ರವಲ್ಲ. ವಿನೋದಕ್ಕಾಗಿ ಬದಲಾಯಿಸಿದ್ದಾದರೆ ಬದಲಾಯಿಸಿದ್ದೇನೆಂದು ಹೇಳಿಬಿಡುವುದು ಲೇಸು. ಅನ್ಯರ, ಅದರಲ್ಲಿಯೂ ಸ್ತ್ರೀಯರ ಮತ್ತು ಮಕ್ಕಳ ಚಿತ್ರವನ್ನು ಅವರ ಅನುಮತಿಯಿಲ್ಲದೆ ತೆಗೆಯುವುದೂ ಹಂಚುವುದೂ ಸಭ್ಯತೆಗೆ ದೂರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉಳಿಸಿಕೊಳ್ಳುವ ಪ್ರಶ್ನೆ

ಇಷ್ಟು ಕಷ್ಟಪಟ್ಟು ತೆಗೆದ ಚಿತ್ರಗಳು ಎಲ್ಲಿರುತ್ತವೆ? ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಫೋನು ಕಳೆದುಕೊಂಡವರನ್ನು ಕೇಳಿದರೆ, ಫೋನಿಗಿಂತ ಹೆಚ್ಚಾಗಿ ಅದರಲ್ಲಿದ್ದ ಚಿತ್ರಗಳಿಗಾಗಿ ಮರುಗುತ್ತಾರೆ. ಗೂಗಲ್ ಸಂಸ್ಥೆ ಮೊದಲು ಎಣಿಕೆಯಿಲ್ಲದಷ್ಟು ಚಿತ್ರಗಳನ್ನು ಉಚಿತವಾಗಿ ಇರಿಸಿಕೊಳ್ಳುತ್ತಿದ್ದಿತು. 2021ರ ಜೂನ್ 1ರಿಂದ ಆ ಸೌಕರ್ಯವನ್ನು ನಿಲ್ಲಿಸಿ, ಅಂಚೆಯೂ ಕಡತಗಳೂ ಸೇರಿ 15 ಗಿಗಾಬೈಟಿನ ಮಿತಿಯನ್ನು ವಿಧಿಸಿತು. ಅದು ತುಂಬಿದವರು ತಿಂಗಳ ಬಾಡಿಗೆ ತೆರಬೇಕು, ಇಲ್ಲವೇ ಅಳಿಸಬೇಕು.

ಬಲ್ಲವರು ಹೇಳುವ ಸೂತ್ರ 3, 2, 1: ಪ್ರತಿ ಮುಖ್ಯ ಚಿತ್ರಕ್ಕೂ ಮೂರು ಪ್ರತಿಗಳು, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ನಮ್ಮ ಜನಕ್ಕೆ ಇದು ಕಷ್ಟವಲ್ಲ. ಬೇರೆ ಊರು ಎಂಬುದು ಎಲ್ಲರಿಗೂ ಒಂದು ಇದ್ದೇ ಇದೆ. ಸಣ್ಣ ಹಾರ್ಡ್ ಡಿಸ್ಕ್ ಒಂದನ್ನು ಕೊಂಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅಲ್ಲಿ ಒಂದು ಪ್ರತಿಯನ್ನು ಇಟ್ಟು ಬರಬಹುದು. ವಾಟ್ಸಾಪಿನಲ್ಲಿ ಕಳುಹಿಸುವಾಗ ಚಿತ್ರವೆಂದಲ್ಲದೆ ದಾಖಲೆ ಎಂದು ಕಳುಹಿಸಿದರೆ ಅದು ಕುಗ್ಗದೆ ತಲಪುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ವರ್ಷಕ್ಕೆ ಇಪ್ಪತ್ತು ಚಿತ್ರಗಳನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿ ಹಿಂದೆ ಹೆಸರು, ಸ್ಥಳ, ತಾರೀಖು ಬರೆದಿಡತಕ್ಕದ್ದು. ಅಜ್ಜನ ಕಾಲದ ಚಿತ್ರ ಇಂದು ನಮ್ಮ ಕೈಯಲ್ಲಿರುವುದು ಅದು ಕಾಗದದ ಮೇಲಿದ್ದ ಕಾರಣದಿಂದ.

ಕೊನೆಯದಾಗಿ ಒಂದು ಮಾತು. ಮುಂಬಯಿಯಲ್ಲಿ 1854ರಲ್ಲಿಯೇ ಛಾಯಾಗ್ರಹಣ ಸಂಘವೊಂದು ಸ್ಥಾಪಿತವಾಯಿತು. ಅಂದಿನಿಂದ ಈ ನಗರದ ಸೌಧಗಳ, ಶ್ರೀಮಂತರ, ನಾಯಕರ ಚಿತ್ರಗಳಿಗೆ ಕೊರತೆಯಿಲ್ಲ. ಆದರೆ ಬೆಳಗಿನ ನಾಲ್ಕು ಗಂಟೆಗೆ ಒಲೆ ಹಚ್ಚುವ ಭಟ್ಟರ, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಪಾಠ ಕಲಿತ ಹುಡುಗರ, ಲೆಕ್ಕದ ಪುಸ್ತಕದ ಮೇಲೆ ಬಾಗಿದ ಗುಮಾಸ್ತರ ಚಿತ್ರಗಳು ಎಷ್ಟಿವೆ? ಅವುಗಳನ್ನು ಹೊರಗಿನವರು ಬಂದು ತೆಗೆಯುವುದಿಲ್ಲ. ಅಡಿಗೆಮನೆಯ ಕಿಟಕಿಯಿಂದ ಬೀಳುವ ಬೆಳಕು ಎಷ್ಟು ಗಂಟೆಗೆ ಹಬೆಯ ಮೇಲೆ ಬೀಳುತ್ತದೆಂಬುದನ್ನು ಅಲ್ಲಿ ದುಡಿಯುವವನಲ್ಲದೆ ಬೇರೆ ಯಾರು ಬಲ್ಲರು? ನಮ್ಮ ಹವ್ಯಾಸಿಗಳು ಸೂರ್ಯಾಸ್ತವನ್ನೂ ಹೂವನ್ನೂ ತೆಗೆಯಲಿ; ಜೊತೆಗೆ, ಮೊದಲು ಕೇಳಿ, ಪಕ್ಕದಲ್ಲಿ ನಿಂತು ದುಡಿಯುವವನ ಚಿತ್ರವನ್ನೂ ತೆಗೆಯಲಿ. ಅದಕ್ಕೆ 200 ಮೆಗಾಪಿಕ್ಸೆಲ್ ಬೇಡ, ಸಾಲವೂ ಬೇಡ. ಇಂದು ಕಿಸೆಯಲ್ಲಿರುವ ಫೋನಿನಿಂದಲೇ ಆರಂಭಿಸಬಹುದಾದ ಕೆಲಸ ಅದು.